ಸೇಬಿನ ಜೊತೆ ಕಟ್ಟಿಟ್ಟ ಗಿಡ

ಅತ್ತೆ,

ನಿಮ್ಮ ಬ್ರೊಮಿಲಿಯಾಡ್ ಗಿಡ ಹೂ ಬಿಟ್ಟಿದೆ. ನೀವಿದ್ದಷ್ಟು ವರ್ಷ ಬಿಡದ್ದು, ನೀವು ಸತ್ತ ಮೇಲೆ, ನನ್ನ ಕೈಯಲ್ಲಿ! "ನೀನು ಮುಟ್ಬೇಡ, ಸತ್ತೇಹೋಗುತ್ತೆ" ಅನ್ನುತ್ತಿದ್ದಿರಲ್ಲ, ಈಗೇನನ್ನುತ್ತೀರಿ?

ನಾನೇನೂ ಮುದ್ದಾಗಿ ಸಾಕಲಿಲ್ಲ. ಅದರ ಎಲೆಗಳ ನಡುವಿನ ಬಟ್ಟಲಿನಂಥ ಕುಳಿಗೆ ನೀವು ನೀರು ತುಂಬಿಸುತ್ತಿದ್ದುದು ನೆನಪಾದರೇ ಮೈ ಉರಿಯುತ್ತಿತ್ತು. ಕಸಕ್ಕೆ ಹಾಕೋಣವೆಂದು ಕೊಳೆತ ಸೇಬುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಲ್ಕನಿಯಲ್ಲಿಟ್ಟೆ. ವಾರ ಕಳೆದು ಬಂದ ಕಸದವನು, "ಕುಂಡ ಎಲ್ಲ ತಗೊಳ್ಳಲ್ಲಮ್ಮ" ಅಂದ. ಚೀಲ ಬಿಚ್ಚಿ ಗಿಡವನ್ನು ಕಿಟಕಿಯ ಮೂಲೆಗೆ ತಳ್ಳಿದೆ. ಲೋಟದಲ್ಲಿ ಉಳಿದ ನೀರು ಹೊಯ್ಯುತ್ತಿದ್ದೆ, ಅಷ್ಟೆ. ಇವತ್ತು ನೋಡಿದರೆ ಕೆಂಪು ಹೂ.

ಗಿಡ ಮಾರುವ ನರ್ಸರಿಯವಳಿಗೆ ಇದನ್ನೆಲ್ಲ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಹೂ ಬರ್ಸೋಕೆ ಹಾಗೇ ಮಾಡೋದಮ್ಮ, ಹಣ್ಣಾದ ಸೇಬಿನ ಗಾಳಿ ತಾಗ್ಬೇಕು. ಆದ್ರೆ ಹೂ ಒಂದೇ ಸಲ. ಆಮೇಲೆ ತಾಯಿಗಿಡ ಹೋಗುತ್ತೆ, ಬುಡದಲ್ಲಿ ಮರಿ ಬರುತ್ತೆ."

ಆಸ್ಪತ್ರೆಯಲ್ಲೂ ನೀವು ಕೇಳಿದ್ದು, "ಮೊಗ್ಗು ಬಂತಾ?" ಅಂತ. ನಾನು ಕೇಳಿಸದವಳಂತೆ ಕೂತಿದ್ದೆ.

ಕುಂಡವನ್ನು ನಿಮ್ಮ ಕುರ್ಚಿಯ ಎದುರಿಗೇ ಇಟ್ಟಿದ್ದೇನೆ. ನೋಡಿ, ಹೊಟ್ಟೆ ಉರಿದುಕೊಳ್ಳಿ.

ಬುಡದಲ್ಲಿ ಮರಿಯೊಂದು ಇಣುಕುತ್ತಿದೆ. ನಿಮ್ಮ ಮಗ ಸವರಿ ನೋಡಲು ಬಂದರು. "ಮುಟ್ಬೇಡಿ, ಸತ್ತೇಹೋಗುತ್ತೆ" ಎಂದು ಗದರಿದೆ. ಅವರು ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತರು.