ಹಿಂಬದಿಯ ಪೆನ್ಸಿಲ್ ಸಾಲು

ನವೆಂಬರ್ 31, 2109
ಮೂರನೇ ನೆಲಮನೆ, ಗದಗ

ನನ್ನ ಮುತ್ಯಾನ ಮುತ್ಯಾ ಗುರುಶಾಂತಪ್ಪನವರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ನವೆಂಬರಿಗೆ ಒಂದು ದಿನ ಸೇರಿಸಿದ್ದಾರೆ, ಯಾಕೆ ಅಂತ ನನಗೂ ಗೊತ್ತಿಲ್ಲ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಸಾರಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು, ಅರ್ಧ ಇಂಗ್ಲಿಷ್ ತಾನಾಗಿಯೇ ಬಂದುಬಿಡುತ್ತದೆ. ಟೆನ್ಷನ್‌ನಲ್ಲಿ ಈ ಪತ್ರವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ.

ನೆಲಮನೆ ಅಂದರೆ ಬಿಸಿಲಿಗೆ ಹೆದರಿ ಭೂಮಿಯೊಳಗೆ ತೋಡಿದ ಓಣಿಗಳು. ಓಣಿಗೊಂದೇ ಅಡುಗೆಮನೆ, ಇನ್ನೂರು ಮಂದಿ ಸಾಲಾಗಿ ಕೂತು ಉಣ್ಣುತ್ತೇವೆ. ತಲೆಗೆ ದಿನಕ್ಕೆ ಎಂಟು ಲೀಟರ್ ನೀರು. ಯಾರಿಗೆ ಹೆಚ್ಚು ನೀರು, ಯಾರಿಗೆ ಯಾವ ಔಷಧಿ ಅನ್ನುವುದನ್ನು ಎಣಿಗಣ್ಣು ಎಂಬ ಯಂತ್ರ ಹೇಳುತ್ತದೆ. ಡಾಕ್ಟರು ವಾರಕ್ಕೊಮ್ಮೆ ಬಂದು ಸಹಿ ಹಾಕುತ್ತಾರೆ, ಅಷ್ಟೇ. ರೋಗಿ ಫಾರಂನಲ್ಲಿ ಹೇಳಿದ್ದನ್ನು ಎಣಿಗಣ್ಣು ಹಿಂದಿನ ಕಾಲದ ರೋಗಿಗಳ ಉತ್ತರಗಳ ಜೊತೆ ಹೋಲಿಸಿ ನೋಡುತ್ತದೆ.

ನನ್ನ ಮುತ್ಯಾ, ಅಂದರೆ ನಿಮ್ಮ ಮೊಮ್ಮಗ ಈರಪ್ಪನಿಗೂ ನಿಮ್ಮ ಕಾಯಿಲೆಯೇ, ಪ್ರಾಸ್ಟೇಟ್ ಕ್ಯಾನ್ಸರ್. ನನ್ನ ನರ್ಸಿಂಗ್ ಓದಿನ ಮೊದಲ ವರ್ಷದ ಪ್ರಾಕ್ಟಿಕಲ್‌ಗೆ ಒಬ್ಬ ರೋಗಿಯನ್ನು ಕೇಳಿ ಫಾರಂ ತುಂಬಬೇಕಿತ್ತು. ಮೂತ್ರ ಸೋರುತ್ತದೆಯೇ, ಮೈ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆಯೇ, ಬೆನ್ನು ನೋವು ಎಷ್ಟು, ಮನಸ್ಸು ಹೇಗಿದೆ, ಹೀಗೆ ಎಂಟು ಪ್ರಶ್ನೆ, ಎಲ್ಲಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ. ಟೈಮ್ ಮುಗಿಯುತ್ತಿತ್ತು. ನಾನು ಊಟದ ಸಾಲಿನಲ್ಲೇ ಗಟ್ಟಿಯಾಗಿ ಓದಿದೆ. ಮುತ್ಯಾ ನಕ್ಕು, ನನಗೇನಾಗೇತಿ ತಂಗಿ, ಕಲ್ಲು ತಿಂದ್ರೂ ಕರಗಿಸ್ತೀನಿ ಅಂದ. ಪಕ್ಕದ ದ್ಯಾಮಣ್ಣಜ್ಜ, ಬರಕೋ ಬರಕೋ, ಈ ವರ್ಷ ಕುಸ್ತಿಗೂ ಇಳಿತಾನ ಅಂತ ಕಾಡಿದ. ಎಲ್ಲರೂ ನಕ್ಕರು. ನಾನು ಎಂಟು ಸೊನ್ನೆ ಬರೆದೆ. ಫುಲ್ ಮಾರ್ಕ್ಸ್ ಬಂತು.

ಮೂರು ವಾರಕ್ಕೆ ಮುತ್ಯಾನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಗಡ್ಡೆ ಬೆನ್ನುಹುರಿಯನ್ನು ಒತ್ತಿತ್ತು. ಕಾಲಿಗೆ ಶಕ್ತಿ ಇನ್ನು ಬರುವುದಿಲ್ಲವಂತೆ. ಗಾದಿ ಎತ್ತಿದರೆ ಕೆಳಗೆ ಬಚ್ಚಿಟ್ಟ ಬಟ್ಟೆಯ ತುಂಡುಗಳು. ಕುಡಿಯುವ ಪಾಲಿನ ನೀರಲ್ಲಿ ಕದ್ದು ಒಗೆಯುತ್ತಿದ್ದನಂತೆ. ಬೆನ್ನು ನಾಲ್ಕು ತಿಂಗಳಿಂದ ನೋಯುತ್ತಿತ್ತಂತೆ. ಅಷ್ಟು ಮಂದಿ ಮುಂದ ಹೆಂಗ ಹೇಳ್ಲವ್ವ ಅಂದ. ನಾನು ಹೊಸ ಫಾರಂ ತುಂಬಿ ಒಗೆಯಲು ನೀರು ಕೇಳಿದೆ. ಎಣಿಗಣ್ಣು ವಾಪಸ್ ಕಳಿಸಿತು. ಈ ಕಾಯಿಲೆಯ ಗಂಡಸರು ಇಂಥ ಉತ್ತರ ಹಿಂದೆಂದೂ ಕೊಟ್ಟಿಲ್ಲ ಎಂದಿತ್ತು.

ಹಳೆಯ ಫಾರಂಗಳ ಉಗ್ರಾಣಕ್ಕೆ ಹೋಗಿ ಹುಡುಕಿದೆ. ನಿಮ್ಮವು ಹನ್ನೊಂದು ಸಿಕ್ಕವು. ಎಲ್ಲದರಲ್ಲೂ ಬರೀ ಸೊನ್ನೆ, ನಿಮ್ಮ ಸೊಸೆಯ ಅಕ್ಷರ, ನಿಮ್ಮ ಸಹಿ. ಆಸ್ಪತ್ರೆಯ ಬೆಂಚಿನ ಮೇಲೆ ಅವರು ಓದುತ್ತಾ ಹೋಗಿರಬೇಕು, ನೀವು ಇಲ್ಲ, ಇಲ್ಲ ಅನ್ನುತ್ತಾ ಹೋಗಿರಬೇಕು. ಕೊನೆಯದರ ಹಿಂಬದಿಯಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ ನಿಮ್ಮ ಕೈಬರಹವಿತ್ತು: "ದಿನಕ್ಕೆ ನಾಲ್ಕು ಪಂಚೆ. ಸುಮ್ಮಸುಮ್ಮನೆ ಅಳು ಬರುತ್ತದೆ. ಯಾರಿಗೆ ಹೇಳಲಿ." ಎಣಿಗಣ್ಣು ಹಿಂಬದಿ ಓದುವುದಿಲ್ಲ.

ನಮ್ಮ ಮನೆಯಲ್ಲಿ ನಿಮ್ಮ ಬಗ್ಗೆ ಒಂದೇ ಕಥೆ ಉಳಿದಿದೆ. ಮೂವತ್ತು ವರ್ಷ ಕರೆಂಟು ಮೀಟರ್ ಓದಿದಿರಿ. ಮನೆಗೆ ಬೀಗ ಹಾಕಿದ್ದರೆ ಕಾಂಪೌಂಡ್ ಹತ್ತಿ ನೋಡಿ ಬರೆದಿರಿ, ಅಂದಾಜಿನಲ್ಲಿ ಒಂದಂಕಿಯನ್ನೂ ಬರೆಯಲಿಲ್ಲ.

ನಮ್ಮಲ್ಲಿ ಈಗ ಹಿಂದಿನ ಕಾಲಕ್ಕೂ ಅಂಚೆ ಹೋಗುತ್ತದೆ. ನಿಮ್ಮ ಮೊದಲ ಫಾರಂ ನಿಮ್ಮ ಕಾಲದ ಬರುವ ಮಂಗಳವಾರದ್ದು. ಅದಕ್ಕೆ ಮುಂಚೆ ಮುಟ್ಟಲಿ ಅಂತ ಇದನ್ನು ಕಳಿಸುತ್ತಿದ್ದೇನೆ. ಸೊಸೆಯನ್ನು ಚಹಾ ತರಲು ಕಳಿಸಿ, ಕನ್ನಡಕ ಹಾಕಿಕೊಂಡು ಫಾರಂ ನೀವೇ ಓದಿ. ಮುತ್ಯಾನ ಕಾಲು ಇದರಿಂದ ಬರುತ್ತದೋ ಇಲ್ಲವೋ, ನನಗೆ ಭಯವಿದೆ. ಆದರೆ ನಮ್ಮ ಓಣಿಯಲ್ಲಿ ಇದೇ ಕಾಯಿಲೆಯ ಇನ್ನೂ ಹದಿನಾಲ್ಕು ಮಂದಿ ಗಂಡಸರು ಆರಾಮ ಅನ್ನುತ್ತಾ ಉಣ್ಣಲು ಕೂರುತ್ತಾರೆ. ನೀವೊಬ್ಬರು ನಿಜ ಬರೆದಿದ್ದರೆ ಯಂತ್ರ "ಹಿಂದೆಂದೂ ಕೊಟ್ಟಿಲ್ಲ" ಅನ್ನಲಾರದು.

ಇದ್ದದ್ದನ್ನು ನೋಡಿ ಬರೆಯಿರಿ. ಮುಂಬದಿಯಲ್ಲಿ, ಪೆನ್ನಿನಲ್ಲಿ.

ನಿಮ್ಮ ಮೊಮ್ಮಗನ ಮೊಮ್ಮಗಳು,
ನೀಲಾಂಬಿಕೆ