ಹೊಂದದ ಸ್ಟೆಪ್ನಿ

ವಡೋದರಾ
೧೭ ಜನವರಿ ೨೦೨೫

ಪ್ರೀತಿಯ ಶಾಂತಾ,

ಮದುವೆಗೆ ಮುಂಚೆ ನಾನು ಬರೆದ ನಾಲ್ಕು ಕಾಗದಗಳನ್ನೂ ಓದಿ ನೀನು, ಇವು ಆಫೀಸ್ ಆರ್ಡರ್ ಇದ್ದ ಹಾಗಿವೆ ಎಂದು ನಕ್ಕಿದ್ದೆಯಂತೆ. ನಿನ್ನಮ್ಮನೇ ಹೇಳಿದ್ದರು. ಆಮೇಲೆ ನಾನು ನಿನಗೆ ಕಾಗದ ಬರೆದದ್ದಿಲ್ಲ. ಇದೂ ಆರ್ಡರಿನ ಹಾಗೇ ಇದ್ದರೆ ಸಹಿಸಿಕೋ. ಮೂವತ್ತಾರು ವರ್ಷ ರಿಫೈನರಿಯ ಪಂಪುಗಳ ಜೊತೆ ಮಾತಾಡಿದವನಿಗೆ ಮನುಷ್ಯರ ಜೊತೆ ಮಾತಾಡುವುದು ಅಭ್ಯಾಸವಾಗಲಿಲ್ಲ.

ಚಿನ್ಮಯಿ ಉತ್ತರಾಯಣಕ್ಕೆಂದು ಅಹಮದಾಬಾದಿನಿಂದ ಬಂದಿದ್ದಳು. ಅಂಗಡಿಯಿಂದ ಎಳ್ಳುಬೆಲ್ಲದ ಪೊಟ್ಟಣ ತಂದು ನನ್ನ ಕೈಗೆ ಹಾಕಿದಳು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು ಎನ್ನುವುದನ್ನು ನಾವು ಅವಳಿಗೆ ಕಲಿಸಿದಂತಿಲ್ಲ. ತಿಂದ ಹತ್ತು ನಿಮಿಷಕ್ಕೆ ಜಗಳಕ್ಕೆ ನಿಂತಳು. ತಪ್ಪು ನನ್ನದೇ. ತಾರಸಿಯ ಮೇಲೆ ಪಕ್ಕದ ಮನೆಯವರು ಗಂಡ ಹೆಂಡತಿ ಸೇರಿ ಗಾಳಿಪಟ ಹಾರಿಸುತ್ತಿದ್ದರು. ಅದನ್ನು ನೋಡಿ ನಾನು, ನಿಮ್ಮಮ್ಮನಿಗೆ ನನ್ನ ರಿಟೈರ್‌ಮೆಂಟಿಗೆ ಬರುವಷ್ಟೂ ಪುರುಸೊತ್ತಿರಲಿಲ್ಲ ಎಂದೆ. ಎಂಟು ತಿಂಗಳಿಂದ ಸಿಕ್ಕಿದವರ ಮುಂದೆಲ್ಲ ಇದನ್ನೇ ಹೇಳುತ್ತಿದ್ದೇನೆ. ಅವಳು ದಾರದ ಉರುಳೆ ಕೆಳಗಿಟ್ಟು ತನ್ನ ಅರ್ಧಂಬರ್ಧ ಕನ್ನಡದಲ್ಲಿ ಹೇಳಿದಳು:

"ಅಮ್ಮ ಬಂದಿತ್ತು ಅಪ್ಪಾ. ಆಧಾ ರಸ್ತಾ, ಅರ್ಧ ದಾರಿ ಬಂದಿತ್ತು. ಟೈರ್ ಒಳಗೆ ಹೋಗಿಲ್ಲ."

ಆಮೇಲೆ ಫೋನಿನಲ್ಲಿ ಫೋಟೋ ತೋರಿಸಿದಳು. ಅದರ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಕಾರಿನ ಬ್ರೇಕಿನ ಕಥೆ ನಿನಗೆ ಪೂರ್ತಿ ಹೇಳಬೇಕು. ನೀನು ಅದನ್ನು ಗಂಡಸಿನ ಹುಚ್ಚು ಎಂದುಕೊಂಡಿದ್ದೆ. ನಾನೂ ಹಾಗೆಯೇ ತೋರಿಸಿಕೊಂಡೆ.

ನಿನಗೆ ಪ್ರಮೋಷನ್ ಬಂದು ಸೂರತ್ತಿಗೆ ವರ್ಗವಾದಾಗ ನಾನು ಆಡಿದ ಮಾತು ನಿನಗೆ ನೆನಪಿದೆ. ಈ ವಯಸ್ಸಿನಲ್ಲಿ ನಿನಗೆ ಪ್ರಮೋಷನ್ ಯಾರು ಕೇಳಿದ್ದರು ಎಂದೆ. ಅದೂ ಮಗಳ ಎದುರಿಗೆ, ನೀನು ಎಲ್ಲರಿಗೂ ಪೇಡಾ ಹಂಚುತ್ತಿದ್ದಾಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಪೆಟ್ಟಿಗೆ ಕಟ್ಟಿಕೊಂಡು ಹೋದೆ. ಮೊದಲು ವಾರಕ್ಕೊಮ್ಮೆ ರೈಲಿನಲ್ಲಿ ಬರುತ್ತಿದ್ದವಳು ಆಮೇಲೆ ತಿಂಗಳಿಗೊಮ್ಮೆ ಬಂದೆ. ಬಂದಾಗಲೂ ಅಡುಗೆ ಮಾಡಿ, ಬಟ್ಟೆ ಮಡಿಸಿ, ನನ್ನ ಮುಖ ನೋಡದೆ ಹೊರಡುತ್ತಿದ್ದೆ. ನಾನು ಕ್ಷಮಿಸು ಎನ್ನಬೇಕಿತ್ತು. ಅದರ ಬದಲು ಒಂದು ಭಾನುವಾರ ನೀನು, ಬಾರ್ಡೋಲಿ, ವ್ಯಾರಾ ಕಡೆಯ ವಿಮಾ ಏಜೆಂಟರನ್ನು ನೋಡಲು ಓಡಾಡಬೇಕು, ಕಾರು ಬೇಕು ಎಂದಾಗ, ತಗೊಂಡು ಹೋಗು ಎಂದೆ. ಅಷ್ಟೇ ಎಂದೆ.

ಆ ಕಾರಿನ ಬ್ರೇಕನ್ನು ನೀನು ಯಾವಾಗಲೂ ಆಡಿಕೊಳ್ಳುತ್ತಿದ್ದೆ. "ತುಳಿದ್ರೆ ಈ ಗಾಡಿ ಸ್ವಲ್ಪ ಯೋಚನೆ ಮಾಡಿ ಆಮೇಲೆ ನಿಲ್ಲತ್ತೆ ಕಣ್ರೀ, ಥೇಟ್ ನಿಮ್ಮ ಥರ." ನಾನು ನಗುತ್ತಿದ್ದೆ. ಆದರೆ ಹೈವೇಯಲ್ಲಿ ಲಾರಿಗಳ ನಡುವೆ ನೀನೊಬ್ಬಳೇ ಅದನ್ನು ಓಡಿಸುವುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಸರ್ವಿಸಿಗೆ ಕೊಡಬೇಕು, ಒಂದು ತಿಂಗಳು ತಡಿ ಎಂದು ಸುಳ್ಳು ಹೇಳಿ ಕಾರು ಇಟ್ಟುಕೊಂಡೆ.

ಅದೇ ಕಂಪನಿಯ ದೊಡ್ಡ ಎಂಜಿನ್ನಿನ ಕಾರಿನ ಮುಂದಿನ ಬ್ರೇಕು ನಮ್ಮದಕ್ಕೆ ಹೊಂದುತ್ತದೆ ಎಂದು ನನಗೆ ಗೊತ್ತಿತ್ತು. ಡಿಸ್ಕು ದೊಡ್ಡದು, ದಪ್ಪ, ನಡುವೆ ಗಾಳಿಯಾಡಲು ಸಂದು. ಅದನ್ನು ಹಿಡಿಯುವ ಕ್ಯಾಲಿಪರ್ ಕೂಡ ದೊಡ್ಡದು. ನಾಲ್ಕು ಶನಿವಾರ ಅಹಮದಾಬಾದಿನ ವಟ್ವಾಕ್ಕೆ ಹೋದೆ. ಅಲ್ಲಿ ಬಣ್ಣದ ಕಾರ್ಖಾನೆಗಳ ಹಿಂದೆ ಹಸಮುಖಭಾಯಿ ಎನ್ನುವವನ ಗುಜರಿ ಇದೆ. ಹಿಂದಿನಿಂದ ಗುದ್ದಿಸಿಕೊಂಡು ಬಂದಿದ್ದ ಒಂದು ದೊಡ್ಡ ಕಾರಿನ ಮುಂಭಾಗವನ್ನು ಅವನು ನನಗಾಗಿ ಎತ್ತಿಟ್ಟಿದ್ದ. ಡಿಸ್ಕು, ಕ್ಯಾಲಿಪರು, ಅದು ಕೂರುವ ಗಟ್ಟಿ ಎರಕದ ತುಂಡು, ಎಲ್ಲ ಬಿಚ್ಚಿಸಿದೆ. ಹಳೆಯ ಹದಿಮೂರು ಇಂಚಿನ ಚಕ್ರ ಈ ಕ್ಯಾಲಿಪರಿನ ಮೇಲೆ ಕೂರುವುದಿಲ್ಲ, ಹೊಟ್ಟೆಗೆ ತಾಗುತ್ತದೆ. ಆದ್ದರಿಂದ ಹದಿನಾಲ್ಕು ಇಂಚಿನ ಚಕ್ರಗಳನ್ನೂ ಅವನಲ್ಲೇ ಕೊಂಡೆ. ನಾಲ್ಕಲ್ಲ, ಐದು ತಗೊಂಡು ಹೋಗಿ ಸಾಹೇಬ್, ಸ್ಟೆಪ್ನಿಗೂ ಬೇಕಲ್ಲ ಎಂದು ಹಸಮುಖಭಾಯಿ ಹೇಳಿದ. ನಾನು ನಾಲ್ಕು ಸಾಕು ಎಂದು ತಂದುಬಿಟ್ಟೆ.

ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದೆ ಶಾಂತಾ, ಅದನ್ನು ನಂಬು. ಹೊಸ ಪ್ಯಾಡು, ಹೊಸ ಹೋಸು, ಹೊಸ ಎಣ್ಣೆ. ಒಂದೊಂದು ಬೋಲ್ಟನ್ನೂ ಅಳೆದು ಬಿಗಿದೆ. ಕೊಯಾಲಿ ರಸ್ತೆಯಲ್ಲಿ ಬೆಳಿಗ್ಗೆ ಯಾರೂ ಇಲ್ಲದಾಗ ನಲವತ್ತು ಸಲ ಓಡಿಸಿ ನಲವತ್ತು ಸಲ ನಿಲ್ಲಿಸಿದೆ. ಕೊನೆಕೊನೆಗೆ ಕಾರು ಯೋಚನೆ ಮಾಡದೆ ನಿಲ್ಲುತ್ತಿತ್ತು. ಇಷ್ಟು ಖುಷಿ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ನೀನು ಬಂದಾಗ ಆ ಖುಷಿಯನ್ನು ತೋರಿಸದೆ, ಬ್ರೇಕ್ ಸ್ವಲ್ಪ ಸರಿ ಮಾಡಿದ್ದೇನೆ ಎಂದು ಕೀಲಿಕೈ ಕೊಟ್ಟೆ.

ಜೊತೆಗೆ ಒಂದು ಹಾಳೆಯನ್ನೂ ಕೊಟ್ಟೆ. ನಮ್ಮಲ್ಲಿ ಶಿಫ್ಟು ಮುಗಿಸುವವನು ಮುಂದಿನವನಿಗೆ ಬರೆದು ಕೊಡುವ ಪುಸ್ತಕ ನಿನಗೆ ಗೊತ್ತು. ಎಡಕ್ಕೆ ಮುಗಿದದ್ದು, ಬಲಕ್ಕೆ ಬಾಕಿ. ಬಾಕಿಯನ್ನು ಬರೆಯದೆ ಮನೆಗೆ ಹೋದ ಹುಡುಗರನ್ನು ನಾನು ಗೇಟಿನಿಂದ ವಾಪಸು ಕರೆಸಿ ಬೈದದ್ದಿದೆ. ಬರೆಯದೆ ಬಿಟ್ಟ ಒಂದು ವಾಲ್ವು ಇನ್ನೊಬ್ಬನ ಪ್ರಾಣ ತೆಗೆಯುತ್ತದೆ ಎಂದು ಉಪದೇಶ ಮಾಡುತ್ತಿದ್ದೆ. ನಿನಗೆ ಕೊಟ್ಟ ಹಾಳೆಯಲ್ಲಿ ಎಡಕ್ಕೆ ಹದಿನೇಳು ಸಾಲು ಬರೆದೆ. ಬಲಕ್ಕೆ 'ಬಾಕಿ: ಏನೂ ಇಲ್ಲ' ಎಂದು ಬರೆದು ಸಹಿ ಹಾಕಿದೆ. ಡಿಕ್ಕಿಯಲ್ಲಿ ಹಳೆಯ ಹದಿಮೂರು ಇಂಚಿನ ಸ್ಟೆಪ್ನಿಯೇ ಮಲಗಿತ್ತು. ಮರೆತೆ. ಮರೆವು ಎಂದೇ ತಿಳಿ.

ಈಗ ಮೇ ಮೂವತ್ತೊಂದರ ವಿಷಯ. ಟೌನ್‌ಶಿಪ್ಪಿನ ಹಾಲಿನಲ್ಲಿ ಬೀಳ್ಕೊಡುಗೆ ಹೇಗಿರುತ್ತದೆಂದು ನೀನೇ ಎಷ್ಟೋ ಸಲ ನೋಡಿದ್ದೀಯ. ವೇದಿಕೆಯ ಮೇಲೆ ಗಂಡ ಹೆಂಡತಿಗೆ ಜೋಡಿ ಕುರ್ಚಿ, ಜೋಡಿ ಹಾರ, ಹೆಂಡತಿಯ ಕೈಗೆ ತೆಂಗಿನಕಾಯಿ. ನಿನಗೆ ಬಾ ಎಂದು ಫೋನಿನಲ್ಲಿ ಹೇಳಿದಾಗ ನೀನು ನೋಡೋಣ ಎಂದಿದ್ದೆ. ನೋಡೋಣ ಎಂದರೆ ಬರುವುದಿಲ್ಲ ಎಂದೇ ನಾನು ಅರ್ಥ ಮಾಡಿಕೊಂಡೆ. ಆದರೂ ನಂಜುಂಡ ಎರಡು ಕುರ್ಚಿ ಹಾಕಿಸಿದ್ದ. ಇಷ್ಟು ವರ್ಷ ನನ್ನ ಜೊತೆ ಶಿಫ್ಟು ಮಾಡಿದವನಿಗೆ ನಾನು ನಿಜ ಹೇಳಿರಲಿಲ್ಲ. ನಾಲ್ಕು ಗಂಟೆಗೆ ಶುರುವಾಯಿತು. ಬಂದವರೆಲ್ಲ ನೀನೆಲ್ಲಿ ಎಂದು ಕೇಳಿದರು, ಸೂರತ್ತಿನಲ್ಲಿ ಆಡಿಟ್ ಇದೆ ಎಂದೆ. ಖಾಲಿ ಕುರ್ಚಿಯ ಮೇಲೆ ನಿನ್ನ ಹಾರ ಇಟ್ಟರು.

ನಾಲ್ಕೂ ಹತ್ತಕ್ಕೆ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದೆ, ನಿನ್ನ ಹೆಸರು. ಎರಡನೆಯ ಸಲ ಬಂದಾಗಲೂ ನೋಡಿದೆ. ಮೂರನೆಯ ಸಲ ಆಫ್ ಮಾಡಿದೆ. ನೆಪ ಹೇಳಲು ಫೋನು ಮಾಡುತ್ತಿದ್ದೀಯ, ಅದನ್ನು ಇಷ್ಟು ಜನರ ನಡುವೆ ಕೇಳಿಸಿಕೊಳ್ಳಲಾರೆ ಎಂದುಕೊಂಡೆ. ಇನ್ನೂ ನಿಜ ಹೇಳಬೇಕೆಂದರೆ, ನಿನ್ನ ಕರೆಯನ್ನು ಕತ್ತರಿಸುವುದರಲ್ಲಿ ನನಗೆ ಸ್ವಲ್ಪ ಸುಖವೇ ಆಯಿತು. ಮಾರನೆಯ ದಿನ, ಬರದೆ ಇದ್ದದ್ದಕ್ಕೆ ಥ್ಯಾಂಕ್ಸ್ ಎಂದು ಮೆಸೇಜು ಕಳಿಸಿದವನೂ ನಾನೇ. ಆಗಸ್ಟಿನಲ್ಲಿ ವಿಚ್ಛೇದನದ ಕಾಗದಗಳಿದ್ದ ವಕೀಲರ ಲಕೋಟೆ ಬಂತು.

ಚಿನ್ಮಯಿ ತೋರಿಸಿದ, ನೀನು ಅವತ್ತು ಅವಳಿಗೆ ಕಳಿಸಿದ್ದ ಫೋಟೋದಲ್ಲಿ ನಮ್ಮ ಕಾರು ಪಾಲೇಜ್ ಹತ್ತಿರ ಹೈವೇ ಪಕ್ಕ ಜಾಕಿನ ಮೇಲೆ ನಿಂತಿದೆ. ಮುಂದಿನ ಎಡ ಟೈರಿನ ಪಕ್ಕೆ ಹರಿದುಹೋಗಿದೆ. ನಾನು ಬಿಗಿದ ಕ್ಯಾಲಿಪರು ಬಿಸಿಲಿಗೆ ಹೊಳೆಯುತ್ತಿದೆ, ಹಳೆಯ ಸ್ಟೆಪ್ನಿ ಅದಕ್ಕೆ ಒರಗಿ ನಿಂತಿದೆ. ಅದರ ಪಕ್ಕ ನಿನ್ನ ಸೀರೆಯ ನೆರಿಗೆ ಕಾಣುತ್ತದೆ. ನಮ್ಮ ಇಪ್ಪತ್ತೈದನೆಯ ವರ್ಷಕ್ಕೆ ಉಟ್ಟ ಮಾವಿನ ಹಸಿರು ಮೈಸೂರು ರೇಷ್ಮೆ, ಮೊಣಕಾಲಿನ ಹತ್ತಿರ ಗ್ರೀಸಿನ ಕಲೆ. ಒಬ್ಬ ಲಾರಿ ಡ್ರೈವರು ಅರ್ಧ ಗಂಟೆ ಒದ್ದಾಡಿ, ಬಹೆನ್, ಈ ಸ್ಟೆಪ್ನಿ ಈ ಗಾಡಿಯದ್ದೇ ಅಲ್ಲ ಎಂದನಂತೆ. ಗಾಡಿಯನ್ನು ಎಳೆಸಿಕೊಂಡು ನೀನು ಸೂರತ್ತಿಗೆ ವಾಪಸಾದೆಯಂತೆ. ಅಪ್ಪನಿಗೆ ಹೇಳಬೇಡ, ರಿಟೈರಾಗುವ ದಿನವೇ ತನ್ನ ಕೆಲಸದಲ್ಲಿ ತಪ್ಪಿದೆ ಅಂತ ಗೊತ್ತಾದರೆ ಅವರಿಗೆ ತಡೆಯೋಕಾಗಲ್ಲ ಎಂದು ಮಗಳ ಕೈಲಿ ಆಣೆ ಹಾಕಿಸಿಕೊಂಡೆಯಂತೆ. ನಾನು ಫೋನು ಆಫ್ ಮಾಡಿ ಕೂತಿದ್ದ ಹೊತ್ತಿನಲ್ಲಿ ನೀನು ನನ್ನ ಮಾನ ಕಾಯುತ್ತಿದ್ದೆ. ಇದನ್ನು ಕೇಳಿದ ಮೇಲೆ ತಾರಸಿಯಲ್ಲಿ ನಿಲ್ಲಲಾಗಲಿಲ್ಲ, ಕೆಳಗೆ ಬಂದು ಅತ್ತೆ.

ಫೋನು ಎತ್ತಿದ್ದರೆ ಒಂದೇ ಮಾತು ಸಾಕಿತ್ತು. ಹಿಂದಿನ ಬ್ರೇಕನ್ನು ನಾನು ಮುಟ್ಟಿರಲಿಲ್ಲ, ಅಲ್ಲಿಗೆ ಹಳೆಯ ಚಕ್ರವೂ ಹೊಂದುತ್ತದೆ. ಹಿಂದಿನ ಒಂದು ದೊಡ್ಡ ಚಕ್ರ ಬಿಚ್ಚಿ ಮುಂದಕ್ಕೆ ಹಾಕಿಸು, ಚಿಕ್ಕ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿಸು, ನಿಧಾನಕ್ಕೆ ಬಾ. ಇಪ್ಪತ್ತು ನಿಮಿಷದ ಕೆಲಸ. ಐದೂವರೆಗೆ ನೀನು ಹಾಲಿನಲ್ಲಿರುತ್ತಿದ್ದೆ. ಭಾಷಣಗಳು ಆರೂವರೆಯವರೆಗೂ ನಡೆದವು. ಈ ಮೂರು ದಿನದಿಂದ ಆ ಒಂದು ಮಾತನ್ನು ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೇನೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ನೀನು ಪ್ರಮೋಷನ್ ತೆಗೆದುಕೊಂಡದ್ದು ಸರಿ. ನನಗೆ ಹೊಟ್ಟೆಕಿಚ್ಚಾಗಿತ್ತು, ಜೊತೆಗೆ ಒಬ್ಬನೇ ಇರಲು ಹೆದರಿಕೆಯೂ ಇತ್ತು. ಅದನ್ನು ನಾನು ಸಿಟ್ಟು ಎಂದು ಕರೆದುಕೊಂಡೆ. ಕ್ಷಮಿಸು. ಮೂರು ಅಕ್ಷರ ಬರೆಯಲು ಎರಡು ವರ್ಷ ಬೇಕಾಯಿತು.

ವಕೀಲರ ಕಾಗದಗಳಿಗೆ ಸಹಿ ಮಾಡಿ ಇದರೊಳಗೇ ಇಟ್ಟಿದ್ದೇನೆ. ಐದು ತಿಂಗಳು ಸತಾಯಿಸಿದೆ. ಕೊಡುವುದೋ ಹರಿಯುವುದೋ ಈಗ ನಿನ್ನ ಕೈಯಲ್ಲಿದೆ. ಚಿನ್ಮಯಿಯನ್ನು ಬೈಯಬೇಡ, ಆಣೆ ಮುರಿದು ಅವಳು ನನಗೆ ಉಪಕಾರ ಮಾಡಿದಳು.

ಹಾಗೆನ್ನಲು ಇನ್ನೂ ಹಕ್ಕಿದ್ದರೆ,
ನಿನ್ನ
ಹಯವದನ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನು ಮರೆಯಲಿಲ್ಲ. ವಟ್ವಾದಿಂದ ತಂದದ್ದು ಐದು ಚಕ್ರ. ಐದನೆಯದನ್ನು ಟೈರು ಹಾಕಿಸಿ, ಗಾಳಿ ತುಂಬಿಸಿ, ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಹಳೆ ಚಾದರ ಹೊದಿಸಿ ಇಟ್ಟಿದ್ದೆ. ಒಂದು ಬಾಕಿ ಉಳಿಸಿಕೊಂಡರೆ, ಅದನ್ನು ತೆಗೆದುಕೊಂಡು ಹೋಗಲು ನೀನು ಒಂದು ಸಲವಾದರೂ ಬರುತ್ತೀಯ ಎಂದುಕೊಂಡಿದ್ದೆ. ಕ್ವಾರ್ಟರ್ಸು ಬಿಡುವಾಗ ಅದನ್ನು ಈ ಫ್ಲ್ಯಾಟಿಗೂ ಹೊತ್ತು ತಂದೆ. ಇವತ್ತು ಬೆಳಿಗ್ಗೆ ಪಾರ್ಸೆಲ್ ಆಫೀಸಿನಲ್ಲಿ ಕೊಟ್ಟು ಬಂದಿದ್ದೇನೆ, ಸೋಮವಾರ ನಿನ್ನ ಮನೆಗೇ ತಲುಪುತ್ತದೆ. ಅದಕ್ಕಾಗಿ ನೀನು ಬರಬೇಕಾಗಿಲ್ಲ.