ಒಡಪಿನಲ್ಲಿ ಒಮ್ಮೆ

ದೆಹಲಿ, 1986

ಚಿ. ಸೌ. ಕನಕಮ್ಮಳಿಗೆ,

ಈ ಪತ್ರವನ್ನು ಮೂಕಪ್ಪ ಮಾವನ ಕೈಲಿ ಓದಿಸಬೇಡ, ನೀನೇ ಅಕ್ಷರ ಕೂಡಿಸಿ ಓದು.

ಮೊನ್ನೆ ಇಲ್ಲಿ ನಮ್ಮ ಪಲ್ಟನ್ನಿನ ಪರವಾಗಿ ಮ್ಯಾರಥಾನ್ ಓಡಿದೆ. ರಾಯಚೂರಿನಿಂದ ಮಾನ್ವಿಗೆ ಹೋದಷ್ಟು ದೂರ. ದಾರಿಯುದ್ದಕ್ಕೂ ಹೆಂಗಸರು ನಿಂತು ತಮ್ಮ ಗಂಡಂದಿರನ್ನು ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಎದೆಯ ಮೇಲೆ ಬರೀ ನಂಬರು. ಕಾಲು ಸೋತಾಗ ನಿನ್ನ "ಏನ್ರೀ, ಲಗೂ ಬರ್ರಿ" ನೆನೆಸಿಕೊಂಡೆ, ಸಾಲಲಿಲ್ಲ. ಮದುವೆಯಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಪೀಡಿಸಿದಾಗ ಪ್ರಾಸ ಕಟ್ಟಿ ಒಡಪಿನಲ್ಲಿ ಒಮ್ಮೆ ನನ್ನ ಹೆಸರು ಹೇಳಿದ್ದೆಯಲ್ಲ, ಅದನ್ನೇ ಕೇಳಿಸಿಕೊಳ್ಳುತ್ತ ಕೊನೆ ಮುಟ್ಟಿದೆ.

ಯುಗಾದಿಗೆ ರಜೆ ಸಿಕ್ಕಿದೆ. ಗಬ್ಬೂರಿನಲ್ಲಿ ಬಸ್ಸಿಳಿದು ನಿಧಾನಕ್ಕೆ ನಡೆದು ಬರುತ್ತೇನೆ. ಅವ್ವ ಹೊಲಕ್ಕೆ ಹೋಗಿದ್ದರೆ, ಒಡಪಿಲ್ಲದೆ ಒಮ್ಮೆ ಕರೆ. ಕಷ್ಟವೇನಿಲ್ಲ, ಮೂರೇ ಅಕ್ಷರ.

ಇಂತಿ ನಿನ್ನ,
ಗದ್ದೆಪ್ಪ